ಗುಂಪು ಸಮೇತ ಮನೆ ಬದಲಿಸುವುದು: ದೊಡ್ಡ ಜಾಲತಾಣದಿಂದ ಫೆಡಿವರ್ಸ್‌ಗೆ

ಡಿಸೆಂಬರ್ 13, 14ರ ರಾತ್ರಿ ಮಿಥುನ ರಾಶಿಯ ದಿಕ್ಕಿನಿಂದ ಉಲ್ಕೆಗಳು ಸುರಿಯುತ್ತವೆ. ಜೆಮಿನಿಡ್ಸ್ ಅಂತ ಅದರ ಹೆಸರು. ಆಕಾಶ ನೋಡುವವರಿಗೆ ವರ್ಷದ ಒಳ್ಳೆಯ ರಾತ್ರಿಗಳಲ್ಲಿ ಅದೊಂದು. ನಾನು ಒಂದು ದೊಡ್ಡ ಜಾಲತಾಣದಲ್ಲಿ ನಕ್ಷತ್ರ ನೋಡುವವರ ಗುಂಪೊಂದನ್ನು ಒಂಬತ್ತು ವರ್ಷ ನಡೆಸಿದೆ. ಆ ಸಲ 12ನೇ ತಾರೀಖು ಸಂಜೆಯೇ ಎಲ್ಲವನ್ನೂ ಬರೆದು ಹಾಕಿದ್ದೆ. ಎಷ್ಟು ಹೊತ್ತಿಗೆ ಏಳಬೇಕು, ಎತ್ತ ಮುಖ ಮಾಡಿ ಮಲಗಬೇಕು, ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಮೊಬೈಲ್ ಮುಟ್ಟಬಾರದು, ಇತ್ಯಾದಿ. 17ನೇ ತಾರೀಖು ಅದರ ಕೆಳಗೆ ಒಬ್ಬ ಹುಡುಗ ಬರೆದ: "ಅಕ್ಕಾ, ಇದು ನಂಗೆ ಇವತ್ತು ಕಾಣಿಸ್ತು."

ಅವನು ಗುಂಪಿಗೆ ಸೇರಿದ್ದೇ ಉಲ್ಕೆ ನೋಡಬೇಕು ಅಂತ. ನಾನು ಸರಿಯಾದ ಸಮಯಕ್ಕೆ ಹೇಳಿದ್ದೆ, ಅವನೂ ದಿನಾ ಬಂದು ನೋಡುತ್ತಿದ್ದ. ಯಾರಿಗೆ ಏನು ಯಾವಾಗ ತೋರಿಸಬೇಕೆಂದು ಆರಿಸುವ, ನಡುವೆ ಕೂತ ಜಾಲತಾಣದ ಯಂತ್ರ ಅದನ್ನು ಐದು ದಿನ ಹಿಡಿದಿಟ್ಟುಕೊಂಡಿತ್ತು. ಆಕಾಶದ ಸುದ್ದಿಗೆ ಗಡಿಯಾರ ಮುಖ್ಯ. ಬರೆದದ್ದು ಬರೆದ ಕ್ರಮದಲ್ಲಿ ಕಾಣದ ಜಾಗದಲ್ಲಿ ನಮ್ಮ ಕೆಲಸ ಸಾಗುವುದಿಲ್ಲ ಎಂದು ಅವತ್ತು ನನಗೆ ಖಚಿತವಾಯಿತು.

ಗುಂಪನ್ನು ಫೆಡಿವರ್ಸ್‌ಗೆ, ಅಂದರೆ ಒಂದೇ ಕಂಪನಿಯ ಕೈಯಲ್ಲಿರದೆ ಸಾವಿರಾರು ಸರ್ವರ್‌ಗಳು ಸೇರಿ ಆದ ಜಾಲಕ್ಕೆ, ಸ್ಥಳಾಂತರಿಸಲು ಸುಮಾರು ಎಂಟು ತಿಂಗಳು ಹಿಡಿಯಿತು. ಈಗ ಮತ್ತೆ ಮಾಡುವುದಾದರೆ ಯಾವ ಕ್ರಮದಲ್ಲಿ ಮಾಡುತ್ತೇನೋ ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ. ತಾಂತ್ರಿಕ ಕೆಲಸ ಇದರಲ್ಲಿ ಕಡಿಮೆ. ಹೆಚ್ಚಿನದೆಲ್ಲ ಜನರನ್ನು ಕೈಹಿಡಿದು ಕರೆತರುವ ಕೆಲಸ.

ಹೊರಡುವ ಮೊದಲು

ಮೊದಲು ನಿಮ್ಮ ಹಳೆಯ ಖಾತೆಯ ಮಾಹಿತಿ ಇಳಿಸಿಕೊಳ್ಳಿ. ಎಲ್ಲ ದೊಡ್ಡ ಜಾಲತಾಣಗಳ ಸೆಟ್ಟಿಂಗ್ಸ್‌ನಲ್ಲಿ ಇದಕ್ಕೊಂದು ಜಾಗ ಇದೆ. ಕೇಳಿದ ತಕ್ಷಣ ಸಿಗುವುದಿಲ್ಲ, ಕೆಲವು ಗಂಟೆ ಅಥವಾ ಕೆಲವು ದಿನ ಕಾಯಬೇಕು. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ನಲ್ಲಿ ಎಚ್‌ಟಿಎಂಎಲ್ ಬೇಕೋ ಜೆಸನ್ ಬೇಕೋ ಎಂದು ಕೇಳುತ್ತದೆ. ಓದಲು ಎಚ್‌ಟಿಎಂಎಲ್ ಅನುಕೂಲ, ಮುಂದೆ ಯಾವುದಾದರೂ ತಂತ್ರಾಂಶಕ್ಕೆ ಕೊಡಲು ಜೆಸನ್. ಎರಡನ್ನೂ ತೆಗೆದಿಡಿ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಕಡತ ಬಂತು, ಬಿಚ್ಚಿ ನೋಡಿದೆ, ನನ್ನ ಫೋಟೋಗಳೆಲ್ಲ ಇದ್ದವು, ಸಮಾಧಾನವಾಯಿತು. ಒಂದು ವಾರ ಕಳೆದ ಮೇಲೆ ಹೊಳೆಯಿತು: ಅದರಲ್ಲಿ ಇರುವುದು ನಾನು ಬರೆದದ್ದು ಮಾತ್ರ. ನಮ್ಮ ಗುಂಪಿನ ಜೀವ ಇದ್ದದ್ದು ಬೇರೆಯವರ ಉತ್ತರಗಳಲ್ಲಿ. ದೂರದರ್ಶಕದ ಕನ್ನಡಿಯನ್ನು ಗೀರಾಗದಂತೆ ತೊಳೆಯುವುದು ಹೇಗೆ ಎಂದು ಒಬ್ಬ ಹಿರಿಯರು ಹನ್ನೊಂದು ಕಮೆಂಟ್‌ಗಳಲ್ಲಿ ವಿವರಿಸಿದ್ದರು. ಅಂಥದ್ದು ನನ್ನ ಕಡತದಲ್ಲಿ ಒಂದೂ ಇರಲಿಲ್ಲ. ಆಮೇಲೆ ನಾಲ್ಕು ಸಂಜೆ ಕೂತು, ಬೇಕಾದ ಚರ್ಚೆಗಳನ್ನು ಒಂದೊಂದಾಗಿ ನಕಲು ಮಾಡಿ, ಬರೆದವರನ್ನೆಲ್ಲ ಕೇಳಿ ಒಪ್ಪಿಗೆ ಪಡೆದೆ. ಇಬ್ಬರು ಬೇಡ ಎಂದರು, ಅವರದನ್ನು ಬಿಟ್ಟೆ. ನೀವು ಗುಂಪು ನಡೆಸುತ್ತಿದ್ದರೆ ಈ ಕೆಲಸವನ್ನು ಮೊದಲೇ ಮುಗಿಸಿ.

ಎರಡನೆಯದು ಹೆಸರುಗಳ ಪಟ್ಟಿ. ನಮ್ಮ ಗುಂಪಿನಲ್ಲಿ ಸಾವಿರಕ್ಕೂ ಮೇಲೆ ಸದಸ್ಯರು. ಹಿಂದಿನ ಒಂದು ವರ್ಷದಲ್ಲಿ ನಿಜವಾಗಿ ಮಾತಾಡಿದವರು ಯಾರು ಎಂದು ಪೆನ್ನು ಹಿಡಿದು ಎಣಿಸಿದರೆ 43 ಜನ. ಸಾವಿರ ಜನರನ್ನು ಹೇಗಪ್ಪಾ ಕರೆದೊಯ್ಯುವುದು ಎಂದು ತಲೆ ಕೆಡಿಸಿಕೊಂಡಿದ್ದವಳಿಗೆ ಆ 43 ಧೈರ್ಯ ಕೊಟ್ಟಿತು. ಆ ಪಟ್ಟಿಯ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಬರೆದು, ಜಾಲತಾಣದ ಹೊರಗೆ ಅವರನ್ನು ಮುಟ್ಟಲು ಒಂದು ದಾರಿ ಕೇಳಿಕೊಂಡೆ. ಇಮೇಲ್ ಆದರೂ ಸರಿ, ಫೋನ್ ಆದರೂ ಸರಿ. ಮುಂದೆ ಏನೇ ಎಡವಟ್ಟಾದರೂ ಈ ಪಟ್ಟಿ ಕೈಯಲ್ಲಿದ್ದರೆ ಗುಂಪು ಉಳಿಯುತ್ತದೆ.

ಹಳೆಯ ಖಾತೆಯನ್ನು ಮಾತ್ರ ಈಗಲೇ ಅಳಿಸಬೇಡಿ. ಫೇಸ್‌ಬುಕ್, ಎಕ್ಸ್ ಎರಡರಲ್ಲೂ ಮನಸ್ಸು ಬದಲಿಸಲು 30 ದಿನ ಸಿಗುತ್ತದೆ, ಅದು ದಾಟಿದರೆ ಹೋಯಿತು. ಸಿಟ್ಟಿನಲ್ಲಿ ಅಳಿಸಿದವರಿಗೆ ಹಿಂದೆ ಬಿಟ್ಟುಬಂದವರಿಗೆ ಹೊಸ ವಿಳಾಸ ಹೇಳುವ ದಾರಿಯೇ ಉಳಿಯುವುದಿಲ್ಲ.

ಹೊಸ ಜಾಗದ ಕಟ್ಟಡ ಹೇಗಿದೆ

ಇಮೇಲ್ ಗೊತ್ತಿದ್ದವರಿಗೆ ಇದು ಗೊತ್ತು. ನಿಮ್ಮ ಇಮೇಲ್ ಒಂದು ಕಂಪನಿಯಲ್ಲಿ, ನಿಮ್ಮ ಸ್ನೇಹಿತರದು ಇನ್ನೊಂದರಲ್ಲಿ, ಆದರೂ ಪತ್ರ ತಲುಪುತ್ತದೆ. ಫೆಡಿವರ್ಸ್ ಕೂಡ ಹಾಗೇ. ಸಾವಿರಾರು ಸರ್ವರ್‌ಗಳನ್ನು ಬೇರೆ ಬೇರೆ ಜನ ನಡೆಸುತ್ತಾರೆ. ಅವೆಲ್ಲ ಪರಸ್ಪರ ಮಾತಾಡಲು ಬಳಸುವ ಭಾಷೆಯ ಹೆಸರು ಆಕ್ಟಿವಿಟಿಪಬ್. ವೆಬ್‌ನ ಮಾನಕಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2018ರ ಜನವರಿಯಲ್ಲಿ ಅದಕ್ಕೆ ಅಧಿಕೃತ ಮುದ್ರೆ ಒತ್ತಿತು. ಹಾಗಾಗಿ ವಿಳಾಸವೂ ಇಮೇಲ್‌ನಂತೆ ಎರಡು ಭಾಗ: @ಹೆಸರು@ಸರ್ವರ್. ಬರೀ ಹೆಸರು ಹೇಳಿದರೆ ಯಾರಿಗೂ ನೀವು ಸಿಗುವುದಿಲ್ಲ, ಪೂರ್ತಿ ವಿಳಾಸ ಕೊಡುವ ಅಭ್ಯಾಸ ಮಾಡಿಕೊಳ್ಳಿ.

ಯಾವ ತಂತ್ರಾಂಶ ಎಂಬುದು ನೀವು ಹಳೆಯ ಜಾಗದಲ್ಲಿ ಏನು ಮಾಡುತ್ತಿದ್ದಿರಿ ಎಂಬುದರ ಮೇಲೆ. ಸಣ್ಣ ಟಿಪ್ಪಣಿ, ಸುದ್ದಿ, ಮಾತುಕತೆಗೆ ಮಾಸ್ಟೊಡಾನ್. 2016ರಲ್ಲಿ ಓಯ್ಗನ್ ರೊಚ್ಕೊ ಶುರುಮಾಡಿದ್ದು. ಸಾಮಾನ್ಯವಾಗಿ ಒಂದು ಪೋಸ್ಟ್‌ಗೆ 500 ಅಕ್ಷರ. ಫೋಟೋಗಳಿಗೆ ಪಿಕ್ಸೆಲ್‌ಫೆಡ್, ವಿಡಿಯೋಗೆ ಪಿಯರ್‌ಟ್ಯೂಬ್, ಒಂದು ವಿಷಯ ಎತ್ತಿಕೊಂಡು ಕೆಳಗೆ ಉದ್ದುದ್ದ ಚರ್ಚೆ ಬೆಳೆಸುವವರಿಗೆ ಲೆಮ್ಮಿ, ಓದಿದ ಪುಸ್ತಕದ ಲೆಕ್ಕ ಇಡುವವರಿಗೆ ಬುಕ್‌ವಿರ್ಮ್. ಮಾಸ್ಟೊಡಾನ್‌ನಲ್ಲಿ ಕೂತೇ ಪಿಕ್ಸೆಲ್‌ಫೆಡ್‌ನವರನ್ನು ಫಾಲೋ ಮಾಡಬಹುದು, ಅಲ್ಲಿ ಇನ್ನೊಂದು ಖಾತೆ ಬೇಡ. ಇದನ್ನು ಮೊದಲ ಸಲ ಮಾಡಿ ನೋಡಿದ ದಿನ ನನಗೆ ಆದ ಸಂತೋಷ ದೊಡ್ಡದು.

ಬ್ಲೂಸ್ಕೈ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಎಟಿ ಪ್ರೋಟೋಕಾಲ್ ಎಂಬ ಬೇರೆ ಭಾಷೆ ಆಡುತ್ತದೆ. ಆಹ್ವಾನವಿಲ್ಲದೆ ಯಾರು ಬೇಕಾದರೂ ಸೇರುವಂತಾದದ್ದು 2024ರ ಫೆಬ್ರವರಿಯಲ್ಲಿ. ಹೊಸಬರಿಗೆ ಸಲೀಸು, ಆದರೆ ಅಲ್ಲಿನ ಬಹುಪಾಲು ಜನರ ಖಾತೆಗಳು ಒಂದೇ ಕಂಪನಿಯ ಯಂತ್ರಗಳ ಮೇಲೆ ಇವೆ. ಒಂದೇ ಮನೆಯ ಮೇಲೆ ಭಾರ ಹಾಕಿ ಒಮ್ಮೆ ಪೆಟ್ಟು ತಿಂದಿದ್ದರಿಂದ ನಾನು ಮಾಸ್ಟೊಡಾನ್ ಆರಿಸಿಕೊಂಡೆ. ನಮ್ಮಲ್ಲಿ ನಾಲ್ಕು ಜನ ಬ್ಲೂಸ್ಕೈಗೆ ಹೋದರು. ಬ್ರಿಡ್ಜಿ ಫೆಡ್ ಎಂಬ ಸೇತುವೆ ಸೇವೆಗೆ ಅವರೂ ನಾನೂ ಒಪ್ಪಿಗೆ ಕೊಟ್ಟಿದ್ದೇವೆ, ಅವರು ಬರೆದದ್ದು ಇಲ್ಲಿಗೆ ಬರುತ್ತದೆ, ನಾನು ಬರೆದದ್ದು ಅಲ್ಲಿಗೆ ಹೋಗುತ್ತದೆ.

ಸರ್ವರ್ ಆರಿಸುವುದು

ಹೆಚ್ಚಿನವರು ಇಲ್ಲೇ ಕೈಚೆಲ್ಲುತ್ತಾರೆ. ನೂರಾರು ಹೆಸರು ನೋಡಿ ಗಾಬರಿಯಾಗಿ ಆಮೇಲೆ ನೋಡೋಣ ಅಂತ ಮುಚ್ಚಿಬಿಡುತ್ತಾರೆ. ಗಾಬರಿ ಬೇಡ, ನಂತರ ಬದಲಿಸಬಹುದು. ಆದರೂ ಸೇರುವ ಮೊದಲು ಆ ಸರ್ವರ್‌ನ ಪರಿಚಯ ಪುಟ ತೆರೆದು ಹತ್ತು ನಿಮಿಷ ಓದಿ. ನಾನು ನೋಡುವುದು ಇಷ್ಟು: ನಡೆಸುವವರು ಯಾರು, ಒಬ್ಬರೇ ಇದ್ದಾರೋ ಜೊತೆಗೆ ಇನ್ಯಾರಾದರೂ ಇದ್ದಾರೋ, ನಿಯಮಗಳನ್ನು ಮನುಷ್ಯರು ಬರೆದಂತಿದೆಯೋ, ಖರ್ಚಿಗೆ ಹಣ ಎಲ್ಲಿಂದ, ಬೇರೆ ಯಾವ ಸರ್ವರ್‌ಗಳನ್ನು ಇವರು ತಡೆದಿದ್ದಾರೆ, ಏಕೆ. ಕೊನೆಯದು ಬಹಳ ಹೇಳುತ್ತದೆ. ದ್ವೇಷ ಕಾರುವ ಸರ್ವರ್‌ಗಳನ್ನು ಕಾರಣ ಸಮೇತ ತಡೆದಿರುವವರು ನಿಮ್ಮನ್ನೂ ಕಾಯುತ್ತಾರೆ.

ಮಾಸ್ಟೊಡಾನ್‌ನ ಅಧಿಕೃತ ತಾಣದಲ್ಲಿ ಪಟ್ಟಿಯಾಗಬೇಕಾದರೆ ಸರ್ವರ್‌ನವರು ಕೆಲವು ಮಾತು ಕೊಡಬೇಕು. ಜನಾಂಗ, ಲಿಂಗದ ಹೆಸರಿನ ದ್ವೇಷಕ್ಕೆ ಅವಕಾಶ ಕೊಡಬಾರದು. ದಿನಾ ಬ್ಯಾಕಪ್ ಆಗಬೇಕು. ತುರ್ತಿಗೆ ಸರ್ವರ್ ಮುಟ್ಟಬಲ್ಲ ಇನ್ನೊಬ್ಬರಾದರೂ ಇರಬೇಕು. ಮುಚ್ಚುವುದಾದರೆ ಕನಿಷ್ಠ 3 ತಿಂಗಳ ಮುನ್ಸೂಚನೆ ಕೊಡಬೇಕು. ಹೊಸಬರು ಆ ಪಟ್ಟಿಯಿಂದಲೇ ಆರಿಸುವುದು ಕ್ಷೇಮ.

ಮೊದಲ ಎರಡು ವಾರ

ಖಾತೆ ತೆರೆದ ಕೂಡಲೇ ಫೋಟೋ ಹಾಕಿ, ಎರಡು ಸಾಲು ಪರಿಚಯ ಬರೆಯಿರಿ, ಆಮೇಲೆ ಫಾಲೋ ಮಾಡಲು ಹೊರಡಿ. ಖಾಲಿ ಪುಟದ ಖಾತೆಯನ್ನು ಅಲ್ಲಿನವರು ಸ್ಪ್ಯಾಮ್ ಎಂದುಕೊಳ್ಳುತ್ತಾರೆ. ನಿಮಗೇನು ಇಷ್ಟ ಎಂದು ಹೇಳುವ ಒಂದು ಪೋಸ್ಟ್ ಬರೆದು, ಆ ವಿಷಯಗಳ ಹ್ಯಾಶ್‌ಟ್ಯಾಗ್ ಹಾಕಿ, ಪುಟದ ಮೇಲ್ತುದಿಗೆ ಪಿನ್ ಮಾಡಿ.

ಮೂರು ಟೈಮ್‌ಲೈನ್ ಕಾಣುತ್ತವೆ. ಹೋಮ್‌ನಲ್ಲಿ ನೀವು ಫಾಲೋ ಮಾಡಿದವರು ಬರೆದದ್ದು, ಹೊಸದು ಮೇಲೆ, ಹಳೆಯದು ಕೆಳಗೆ. ಯಾವ ಯಂತ್ರವೂ ಅದನ್ನು ಕಲಸುವುದಿಲ್ಲ. ಲೋಕಲ್ ಎಂದರೆ ನಿಮ್ಮ ಸರ್ವರ್‌ನವರು. ಮೂರನೆಯದು ನಿಮ್ಮ ಸರ್ವರ್‌ಗೆ ಪರಿಚಯವಿರುವ ಜಗತ್ತೆಲ್ಲ, ಅದು ಸಂತೆ, ದಿನಾ ಹೋಗಬೇಕಾಗಿಲ್ಲ.

ಯಂತ್ರ ಏನನ್ನೂ ತಂದು ಬಡಿಸುವುದಿಲ್ಲವಾದ್ದರಿಂದ ಮೊದಲು ಹೋಮ್ ಖಾಲಿ ಖಾಲಿ. ನನ್ನ ಮೊದಲ ವಾರ ಹಾಗೇ ಹೋಯಿತು, ಯಾರೂ ಇಲ್ಲದ ಊರಿಗೆ ಬಂದಂತೆ ಅನಿಸಿ ಬೇಜಾರಾಗಿತ್ತು. ದಾರಿ ಏನೆಂದರೆ ಹ್ಯಾಶ್‌ಟ್ಯಾಗ್‌ಗಳನ್ನೇ ಫಾಲೋ ಮಾಡುವುದು. ಖಗೋಳಕ್ಕೆ ಸಂಬಂಧಿಸಿದ ಏಳು ಹ್ಯಾಶ್‌ಟ್ಯಾಗ್ ಹಿಡಿದೆ, ಎರಡೇ ದಿನದಲ್ಲಿ ಹೋಮ್ ತುಂಬಿತು. ಅಲ್ಲಿ ಚೆನ್ನಾಗಿ ಬರೆಯುವವರನ್ನು ಒಬ್ಬೊಬ್ಬರಾಗಿ ಫಾಲೋ ಮಾಡಿದೆ. ಇನ್ನೊಂದು ಸರ್ವರ್‌ನ ಪುಟದಲ್ಲಿ ಯಾರನ್ನಾದರೂ ಕಂಡರೆ ಅಲ್ಲಿಯೇ ಫಾಲೋ ಒತ್ತಿ ಒದ್ದಾಡಬೇಡಿ. ಅವರ ಪೂರ್ತಿ ವಿಳಾಸ ನಕಲು ಮಾಡಿ ನಿಮ್ಮ ಸರ್ವರ್‌ನ ಹುಡುಕುವ ಪೆಟ್ಟಿಗೆಯಲ್ಲಿ ಹಾಕಿ. ಕೆಲವೊಮ್ಮೆ ಅವರ ಹಳೆಯ ಪೋಸ್ಟ್‌ಗಳು ನಿಮ್ಮ ಕಡೆ ಕಾಣುವುದಿಲ್ಲ, ಅವು ಅವರ ಮೂಲ ಪುಟದಲ್ಲಿ ಇರುತ್ತವೆ.

ಮೆಚ್ಚುಗೆಗೆ ಇಲ್ಲಿ ನಕ್ಷತ್ರದ ಗುರುತು ಇದೆ. ನಮ್ಮವರಿಗೆಲ್ಲ ಅದು ಬಹಳ ಹಿಡಿಸಿತು. ಆದರೆ ನಕ್ಷತ್ರ ಒತ್ತಿದರೆ ಬರೆದವರಿಗೆ ಖುಷಿಯಾಗುತ್ತದೆ, ಅಷ್ಟೇ. ಪೋಸ್ಟ್ ಮುಂದೆ ಹೋಗಬೇಕಾದರೆ ಬೂಸ್ಟ್ ಮಾಡಬೇಕು, ಅಂದರೆ ನಿಮ್ಮನ್ನು ಫಾಲೋ ಮಾಡುವವರಿಗೂ ಅದನ್ನು ಹಂಚಬೇಕು. ಒಳ್ಳೆಯದನ್ನು ಕಂಡು ಸುಮ್ಮನೆ ಇರಬೇಡಿ, ಬೂಸ್ಟ್ ಮಾಡಿ. ಅಲ್ಲಿ ಒಂದು ಮಾತು ಊರೂರು ತಿರುಗುವುದು ಹೆಚ್ಚಾಗಿ ಅದರಿಂದಲೇ.

ಕನ್ನಡದಲ್ಲಿ ಬರೆಯುವವರು ಎರಡು ಸಂಗತಿ ಗಮನಿಸಿ. ಪೋಸ್ಟ್ ಬರೆಯುವ ಪೆಟ್ಟಿಗೆಯ ಕೆಳಗೆ ಭಾಷೆ ಆರಿಸುವ ಗುಂಡಿ ಇದೆ, ಅದನ್ನು ಕನ್ನಡಕ್ಕೆ ತಿರುಗಿಸಿ. ಸಾರ್ವಜನಿಕ ಟೈಮ್‌ಲೈನ್‌ನಲ್ಲಿ ಭಾಷೆ ಸೋಸಿ ನೋಡುವವರಿಗೆ ಆಗಷ್ಟೇ ನೀವು ಸಿಗುತ್ತೀರಿ. ಮತ್ತೆ, ಪೋಸ್ಟ್‌ನ ಒಳಗಿನ ಪದಗಳನ್ನು ಹುಡುಕಿದರೆ, ಹುಡುಕಾಟಕ್ಕೆ ಒಪ್ಪಿಗೆ ಕೊಟ್ಟವರ ಸಾರ್ವಜನಿಕ ಪೋಸ್ಟ್‌ಗಳು ಮಾತ್ರ ಸಿಗುತ್ತವೆ. ಆ ಒಪ್ಪಿಗೆ ತಾನಾಗಿ ಇರುವುದಿಲ್ಲ, ಸೆಟ್ಟಿಂಗ್ಸ್‌ಗೆ ಹೋಗಿ ನಾವೇ ಕೊಡಬೇಕು. ಆದ್ದರಿಂದ #ಉಲ್ಕಾವೃಷ್ಟಿ ಎಂಬಂಥ ಒಂದು ಹ್ಯಾಶ್‌ಟ್ಯಾಗ್ ತಪ್ಪದೆ ಹಾಕಿ. ಕಾಗುಣಿತ ಎಲ್ಲರದೂ ಒಂದೇ ಇರಲಿ. ನಾವು ಮೊದಲು ಮೂರು ಬಗೆಯಲ್ಲಿ ಬರೆದು ಒಬ್ಬರಿಗೊಬ್ಬರು ಸಿಗದೆ ಒಂದು ತಿಂಗಳು ಕಳೆದೆವು.

ಚಿತ್ರಕ್ಕೆ ಮಾತು

ಚಿತ್ರ ಹಾಕುವಾಗ ಅದರ ವಿವರಣೆ ಬರೆಯಲು ಒಂದು ಜಾಗ ಇರುತ್ತದೆ, ಮಾಸ್ಟೊಡಾನ್‌ನಲ್ಲಿ 1,500 ಅಕ್ಷರದವರೆಗೆ. ಕಣ್ಣು ಕಾಣದವರಿಗೆ ಅವರ ಫೋನ್ ಅದನ್ನು ಓದಿ ಹೇಳುತ್ತದೆ. ಅಲ್ಲಿನ ಜನ ಇದನ್ನು ಶ್ರದ್ಧೆಯಿಂದ ಮಾಡುತ್ತಾರೆ, ವಿವರಣೆ ಇಲ್ಲದ ಚಿತ್ರಗಳನ್ನು ಬೂಸ್ಟ್ ಮಾಡದವರು ಬಹಳ. ಹಳೆಯ ಜಾಗದಲ್ಲಿದ್ದಾಗ ನಾನು ಇದನ್ನು ಒಮ್ಮೆಯೂ ಬರೆದಿರಲಿಲ್ಲ.

ಇಲ್ಲಿಗೆ ಬಂದ ಮೇಲೆ ಒಬ್ಬರು ಉತ್ತರ ಬರೆದರು. ಮೂವತ್ತು ದಾಟಿದ ಮೇಲೆ ದೃಷ್ಟಿ ಹೋಯಿತಂತೆ, ಚಂದ್ರನನ್ನು ನೋಡಿದ ನೆನಪು ಚೆನ್ನಾಗಿದೆಯಂತೆ. 2025ರ ಸೆಪ್ಟೆಂಬರ್ 7ರಂದು ಪೂರ್ಣ ಚಂದ್ರಗ್ರಹಣವಿತ್ತು, 82 ನಿಮಿಷ ಚಂದ್ರ ಇಡಿಯಾಗಿ ನೆರಳಿನೊಳಗೆ. ನಾನು ತೆಗೆದ ಫೋಟೋಗೆ "ಗ್ರಹಣ ಹಿಡಿದ ಚಂದ್ರ" ಎಂದಷ್ಟೇ ಬರೆದಿದ್ದೆ. ಅವರು ಕೇಳಿದರು: "ನೆರಳಿನ ಅಂಚು ಚೂಪಾಗಿದೆಯೋ ಮಸುಕಾಗಿದೆಯೋ?" ಫೋಟೋ ಮತ್ತೆ ನೋಡಿದೆ. ಮಸುಕಾಗಿತ್ತು. ಅಷ್ಟು ವರ್ಷ ಗ್ರಹಣ ನೋಡಿದವಳು ಆ ಅಂಚನ್ನು ಮಾತಿಗೆ ತಂದಿರಲಿಲ್ಲ. ಪೋಸ್ಟ್ ತಿದ್ದಿ ಬರೆದೆ: ಕಪ್ಪು ಆಕಾಶ, ನಡುವೆ ಇಡೀ ಚಂದ್ರ, ಹಳೆಯ ತಾಮ್ರದ ಬಣ್ಣ, ಒಂದು ಬದಿ ತುಸು ತಿಳಿ, ಇನ್ನೊಂದು ಬದಿ ಕಪ್ಪಾಗುತ್ತಾ ಗೆರೆಯಿಲ್ಲದೆ ಕತ್ತಲಲ್ಲಿ ಸೇರಿಹೋಗಿದೆ. ಈಗ ಅವರು ನಮ್ಮ ಗುಂಪಿನವರು. ಅವರು ಓದುತ್ತಾರೆ ಎಂಬ ಎಚ್ಚರದಲ್ಲೇ ಎಲ್ಲರೂ ಬರೆಯುತ್ತೇವೆ.

ಜನರನ್ನು ಕರೆತರುವುದು

ಎಲ್ಲಕ್ಕಿಂತ ಕಷ್ಟದ ಭಾಗ ಇದು. ಮೊದಲು ನಾನು ಮಾಡಿದ್ದು ಹಳೆಯ ಗುಂಪಿನಲ್ಲಿ ಉದ್ದದ ಪ್ರಕಟಣೆ: ಇಂಥಾ ದಿನದಿಂದ ನಾವೆಲ್ಲ ಅಲ್ಲಿಗೆ ಹೋಗುತ್ತಿದ್ದೇವೆ, ಕಾರಣ ಇದು, ದಾರಿ ಇದು. 60 ಮೆಚ್ಚುಗೆ ಬಂತು, ಬಂದವರು ಮೂರು ಜನ. ಪ್ರಕಟಣೆ ಓದಿ ಯಾರೂ ಮನೆ ಬದಲಿಸುವುದಿಲ್ಲ.

ಆಮೇಲೆ 43ರ ಪಟ್ಟಿಯಲ್ಲಿ ಆರು ಜನರನ್ನು ಆರಿಸಿಕೊಂಡೆ. ಬೇರೆಯವರ ಪ್ರಶ್ನೆಗಳಿಗೆ ಬೇಸರವಿಲ್ಲದೆ ಉತ್ತರಿಸುತ್ತಿದ್ದವರು ಅವರು. ಒಬ್ಬೊಬ್ಬರ ಜೊತೆ ಫೋನಿನಲ್ಲಿ ಅರ್ಧ ಗಂಟೆ ಕೂತು ಖಾತೆ ತೆರೆಸಿದೆ. ಸರ್ವರ್ ಯಾವುದು ಎಂಬ ಪ್ರಶ್ನೆ ಅವರ ಮುಂದೆ ಇಡಲೇ ಇಲ್ಲ, "ಇದಕ್ಕೆ ಸೇರಿ, ಆಮೇಲೆ ಬೇಡವಾದರೆ ಬದಲಿಸೋಣ" ಎಂದೆ. ಒಬ್ಬೊಬ್ಬರಿಗೂ ಉಳಿದ ಐದು ಜನರ ವಿಳಾಸ ಕೊಟ್ಟು ಅಲ್ಲೇ ಫಾಲೋ ಮಾಡಿಸಿದೆ, ಹೋಮ್ ಖಾಲಿ ಕಾಣಬಾರದಲ್ಲ. ಒಂದು ತಿಂಗಳು ನಾವು ಏಳು ಜನ ಅಲ್ಲಿ ದಿನಾ ಮಾತಾಡಿದೆವು. ಉಳಿದವರನ್ನು ಕರೆದಾಗ ಮನೆಯಲ್ಲಿ ಆಗಲೇ ದೀಪ ಹಚ್ಚಿತ್ತು.

ಮೂರು ತಿಂಗಳು ಎರಡೂ ಕಡೆ ಬರೆದೆ. ತಾನಾಗಿ ನಕಲು ಕಳಿಸುವ ಸಾಧನಗಳಿವೆ, ಅವನ್ನು ಬಳಸಬೇಡಿ ಎನ್ನುತ್ತೇನೆ. ನಕಲು ಹೋದ ಕಡೆ ಉತ್ತರ ಬಂದರೆ ನೋಡುವವರಿಲ್ಲ, ಜನಕ್ಕೆ ಅದು ತಿಳಿಯುತ್ತದೆ. ನಾಲ್ಕನೇ ತಿಂಗಳಿಂದ ಒಂದು ಬದಲಾವಣೆ ಮಾಡಿದೆ: ತಿಂಗಳ ಆಕಾಶದ ಸೂಚಿಯನ್ನು ಮೊದಲು ಹೊಸ ಜಾಗದಲ್ಲಿ ಹಾಕಿ, ಹಳೆಯದರಲ್ಲಿ ಎರಡು ದಿನ ಬಿಟ್ಟು ಹಾಕುವುದು. ಸುದ್ದಿ ಬೇಗ ಬೇಕಾದವರು ತಾವಾಗಿ ಬಂದರು. 43ರಲ್ಲಿ 29 ಜನ ಬಂದಿದ್ದಾರೆ. ಬಾರದ ಒಂಬತ್ತು ಜನರಿಗೆ ತಿಂಗಳಿಗೊಂದು ಇಮೇಲ್ ಕಳಿಸುತ್ತೇನೆ. ಒಬ್ಬರ ಕುಟುಂಬದವರೆಲ್ಲ ಹಳೆಯ ತಾಣದಲ್ಲಿದ್ದಾರೆ, ಇನ್ನೊಬ್ಬರಿಗೆ ಹೊಸದು ಕಲಿಯುವ ಶಕ್ತಿ ಈಗ ಇಲ್ಲ. ಅವರನ್ನು ಒತ್ತಾಯಿಸಿದ್ದರೆ ಸ್ನೇಹ ಕೆಡುತ್ತಿತ್ತು. ಉಳಿದ ಐದು ಜನ ಎಲ್ಲಿಯೂ ಸಿಗಲಿಲ್ಲ. ಅದು ನೋವೇ.

ತಕ್ಷಣದ ಮಾತಿಗೆ, ಅಂದರೆ "ಮೋಡ ಸರಿಯಿತು, ಹೊರಗೆ ಬನ್ನಿ" ಎಂಬಂಥದ್ದಕ್ಕೆ, ಮ್ಯಾಟ್ರಿಕ್ಸ್ ಎಂಬ ಚಾಟ್ ಜಾಲದಲ್ಲಿ ಒಂದು ಕೋಣೆ ಮಾಡಿಕೊಂಡೆವು, ಎಲಿಮೆಂಟ್ ಎಂಬ ಆ್ಯಪ್‌ನಲ್ಲಿ. ಒಳಗಿನವರ ಹೊರತು ಬೇರೆ ಯಾರೂ ಓದಲಾಗದಂಥ ಗೂಢಲಿಪಿ ಇರುವ ಕೋಣೆಯಾದರೆ ಒಂದು ರಿಕವರಿ ಕೀ ಕೊಡುತ್ತದೆ. ಅದನ್ನು ಕಾಗದದಲ್ಲಿ ಬರೆದಿಡಿ. ನಮ್ಮಲ್ಲೊಬ್ಬರ ಫೋನ್ ಹಾಳಾಯಿತು, ಬೇರೆ ಸಾಧನದಲ್ಲಿ ಲಾಗಿನ್ ಇರಲಿಲ್ಲ, ಕೀ ಬರೆದಿಟ್ಟಿರಲಿಲ್ಲ. ಹಳೆಯ ಮಾತುಕತೆಯೆಲ್ಲ ಅವರಿಗೆ ಬೀಗ ಬಿದ್ದ ಪೆಟ್ಟಿಗೆಯಾಯಿತು.

ಗುಟ್ಟಿನ ಮಾತು

ಮಾಸ್ಟೊಡಾನ್‌ನ ಖಾಸಗಿ ಸಂದೇಶಕ್ಕೆ ಆ ಗೂಢಲಿಪಿಯ ಬೀಗವಿಲ್ಲ. ಎರಡೂ ಕಡೆಯ ಸರ್ವರ್ ನಡೆಸುವವರು ಬೇಕೆಂದರೆ ಓದಬಹುದು. ಇನ್ನೂ ಎಚ್ಚರ ಬೇಕಾದದ್ದು: ಖಾಸಗಿ ಸಂದೇಶದಲ್ಲಿ ಮೂರನೆಯವರ ವಿಳಾಸವನ್ನು @ ಸಮೇತ ಬರೆದರೆ ಆ ಸಂದೇಶ ಅವರಿಗೂ ಹೋಗುತ್ತದೆ. ಯಾರ ಬಗ್ಗೆಯಾದರೂ ದೂರುವಾಗ ಇದು ಆಗಿಬಿಟ್ಟರೆ ಎಷ್ಟು ಕಷ್ಟ ಯೋಚಿಸಿ. ಪೋಸ್ಟ್ ಅಳಿಸಿದರೆ ಬೇರೆ ಸರ್ವರ್‌ಗಳಿಗೂ ಅಳಿಸಿ ಎಂಬ ಕೋರಿಕೆ ಹೋಗುತ್ತದೆ, ಅವೆಲ್ಲ ಪಾಲಿಸುತ್ತವೆ ಎಂಬ ಖಾತರಿಯಿಲ್ಲ. ಬ್ಲೂಸ್ಕೈನಲ್ಲಿ ನೀವು ಯಾರನ್ನು ಬ್ಲಾಕ್ ಮಾಡಿದ್ದೀರಿ ಎಂಬುದೂ ಸಾರ್ವಜನಿಕ. ಎರಡು ಹಂತದ ಲಾಗಿನ್ ಎಲ್ಲ ಕಡೆ ಹಾಕಿಕೊಳ್ಳಿ.

ಕಾಟ ಕೊಡುವವರನ್ನು ಒಬ್ಬೊಬ್ಬರಾಗಿ ಬ್ಲಾಕ್ ಮಾಡಬಹುದು, ಅವರ ಇಡೀ ಸರ್ವರನ್ನೂ ಮಾಡಬಹುದು. ದೂರು ಕೊಟ್ಟರೆ ಓದುವುದು ಮನುಷ್ಯರು. ನಾನು ಎರಡು ಸಲ ಕೊಟ್ಟಿದ್ದೇನೆ, ಎರಡೂ ಸಲ ಅದೇ ದಿನ ಉತ್ತರ ಬಂತು. ಅವರೆಲ್ಲ ಬಿಡುವಿನ ವೇಳೆಯಲ್ಲಿ ಇದನ್ನು ಮಾಡುವವರು. ಸರ್ವರ್‌ನ ಖರ್ಚಿಗೆ ನಿಮ್ಮ ಕೈಲಾದಷ್ಟು ತಿಂಗಳು ತಿಂಗಳು ಕೊಡಿ.

ಸರ್ವರ್ ಮುಚ್ಚಿದರೆ

ನನ್ನ ಮೊದಲ ಸರ್ವರ್ ಒಂದೂವರೆ ವರ್ಷಕ್ಕೆ ಮುಚ್ಚಿತು. ನಡೆಸುತ್ತಿದ್ದವರಿಗೆ ಆರೋಗ್ಯ ಸರಿ ಇರಲಿಲ್ಲ. ಮೂರು ತಿಂಗಳ ಮೊದಲೇ ಹೇಳಿದರು, ಮಾತಿಗೆ ತಪ್ಪಲಿಲ್ಲ. ಆಗ ಮಾಡಿದ್ದು ಹೀಗೆ.

ಹೊಸ ಸರ್ವರ್‌ನಲ್ಲಿ ಖಾತೆ ತೆರೆದು, ಅಲ್ಲಿನ ಸೆಟ್ಟಿಂಗ್ಸ್‌ನಲ್ಲಿ "ಬೇರೆ ಖಾತೆಯಿಂದ ಬರುತ್ತಿದ್ದೇನೆ" ಎಂಬ ಜಾಗದಲ್ಲಿ ಹಳೆಯ ವಿಳಾಸ ಬರೆದೆ. ಹಳೆಯ ಖಾತೆಯಿಂದ ಫಾಲೋ ಮಾಡಿದವರ, ಬ್ಲಾಕ್ ಮಾಡಿದವರ, ಬುಕ್‌ಮಾರ್ಕ್‌ಗಳ ಪಟ್ಟಿಗಳನ್ನು ಸಿಎಸ್‌ವಿ ಕಡತಗಳಾಗಿ ಇಳಿಸಿ ಹೊಸದಕ್ಕೆ ಏರಿಸಿದೆ. ಕೊನೆಗೆ ಹಳೆಯದರಲ್ಲಿ "ಬೇರೆ ಖಾತೆಗೆ ಹೋಗುತ್ತಿದ್ದೇನೆ" ಒತ್ತಿ ಹೊಸ ವಿಳಾಸ ಕೊಟ್ಟೆ. ನನ್ನನ್ನು ಫಾಲೋ ಮಾಡುತ್ತಿದ್ದವರು ಒಂದೆರಡು ದಿನದಲ್ಲಿ ತಾವಾಗಿ ಹೊಸ ಖಾತೆಗೆ ಬಂದುಬಿಟ್ಟರು. ಹಳೆಯ ದೊಡ್ಡ ಜಾಲತಾಣದಲ್ಲಿ ಎಂಟು ತಿಂಗಳು ಹಿಡಿದ ಕೆಲಸ ಇದು.

ಪೋಸ್ಟ್‌ಗಳು ಮಾತ್ರ ಬರುವುದಿಲ್ಲ. ಅವುಗಳ ಕಡತವನ್ನು 7 ದಿನಕ್ಕೊಮ್ಮೆ ಕೇಳಿ ಪಡೆಯಬಹುದು, ಆದರೆ ಹೊಸ ಸರ್ವರ್‌ನಲ್ಲಿ ಏರಿಸಲಾಗದು. ಒಮ್ಮೆ ಸ್ಥಳಾಂತರ ಮಾಡಿದರೆ ಮತ್ತೆ 30 ದಿನ ಆ ಗುಂಡಿ ಒತ್ತಲಾಗುವುದಿಲ್ಲ, ಅದಕ್ಕೇ ವಿಳಾಸವನ್ನು ಎರಡು ಸಲ ಓದಿ ನೋಡಿ ಒತ್ತಿ. ಉಳಿಸಬೇಕಾದ ಬರಹವಿದ್ದರೆ ಅದರ ಮೂಲ ನಿಮ್ಮ ಕಂಪ್ಯೂಟರ್‌ನಲ್ಲಿರಲಿ. ಕನ್ನಡಿ ತೊಳೆಯುವ ಆ ಹನ್ನೊಂದು ಕಮೆಂಟ್‌ಗಳ ಪ್ರತಿ ಈಗ ನಮ್ಮಲ್ಲಿ ನಾಲ್ಕು ಜನರ ಹತ್ತಿರ ಬೇರೆ ಬೇರೆಯಾಗಿ ಇದೆ.

ಹಳೆಯ ಗುಂಪನ್ನು ನಾನು ಅಳಿಸಿಲ್ಲ. ಹೊಸ ಪೋಸ್ಟ್ ಹಾಕುವುದನ್ನು ನಿಲ್ಲಿಸಿ, ನಮ್ಮ ಹೊಸ ವಿಳಾಸ, ಹ್ಯಾಶ್‌ಟ್ಯಾಗ್, ನನ್ನ ಇಮೇಲ್ ಮೂರನ್ನೂ ಮೇಲೆ ಪಿನ್ ಮಾಡಿದ್ದೇನೆ. ಪ್ರತಿ ತಿಂಗಳ ಒಂದನೇ ತಾರೀಖು ಲಾಗಿನ್ ಆಗಿ, ಸಿಗದೆ ಹೋದ ಆ ಐದು ಜನರಲ್ಲಿ ಯಾರಾದರೂ ಸಂದೇಶ ಬಿಟ್ಟಿದ್ದಾರೋ ನೋಡಿ ಬರುತ್ತೇನೆ.